ಹೆಂಡತಿ ಸಂಬಳ ಜಾಸ್ತಿ ಇದ್ದರೆ ಮನೆ ಯಜಮಾನ ಯಾರು?

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಹೆಂಡತಿಗೆ ನನಗಿಂತ ಸಂಬಳ ಜಾಸ್ತಿ. ನಮ್ಮಿಬ್ಬರ ಮಧ್ಯೆ ಇದಕ್ಕೆ ಜಗಳ ಆಗಿಲ್ಲ. ಆದರೆ ಊರಿಗೆ ಹೋದಾಗ 'ದುಡಿಯೋಳು ಅವಳು, ಇವನಿಗೇನು ಆರಾಮು' ಅಂತಾರೆ. ನಗ್ತಾನೇ ಹೇಳಿದರೂ ಚುಚ್ಚುತ್ತದೆ. ಹಾಗಾದರೆ ನಮ್ಮನೆ ಯಜಮಾನ ನಾನಾ, ಅವಳಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಒಬ್ಬರಿಗೆ ಕೆಲಸ ಹೋಗಿರುತ್ತದೆ, ಇನ್ನೊಬ್ಬರ ಹೆಂಡತಿಗೆ ಪ್ರಮೋಷನ್ ಬಂದಿರುತ್ತದೆ, ಮತ್ತೊಬ್ಬರು ಮನೆ ಅಳಿಯ ಆಗಿರುತ್ತಾರೆ. ಸಂಕಟ ಒಂದೇ.

ಮೊದಲು ಕಾಗದಪತ್ರದ ಉತ್ತರ ಕೊಟ್ಟುಬಿಡುತ್ತೇನೆ, ಅದು ಸುಲಭ. 2013ರ ಆಹಾರ ಭದ್ರತಾ ಕಾಯ್ದೆಯಡಿ ಬರುವ ರೇಷನ್ ಕಾರ್ಡ್ ನಿಮ್ಮ ಮನೆಯಲ್ಲಿದ್ದರೆ, ಅದರಲ್ಲಿ ಯಜಮಾನ ನೀವಲ್ಲ. ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಯಾರು ಹಿರಿಯರೋ ಅವರೇ ಮುಖ್ಯಸ್ಥೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಗಂಡಸಿನ ಹೆಸರು. ಅದೂ ಮನೆಯ ಹುಡುಗಿಗೆ 18 ತುಂಬುವವರೆಗೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದೂ ಕಾರ್ಡಿನಲ್ಲಿರುವ ಆ ಯಜಮಾನಿಗೇ. ಆಗ ದುಡ್ಡು ಅತ್ತೆಗಾ ಸೊಸೆಗಾ ಅಂತ ಎಷ್ಟು ಚರ್ಚೆ ಆಯ್ತು, ನೆನಪಿದೆ ಅಲ್ವಾ? ಆ ಜಗಳದಲ್ಲಿ ಗಂಡಸನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗುವುದು ಜನಗಣತಿಯ ಲೆಕ್ಕ. ಮನೆಯ ಮುಖ್ಯಸ್ಥರು ಯಾರು ಅಂದರೆ, ಮನೆಯವರು ಯಾರನ್ನು ಹಾಗೆ ಒಪ್ಪಿಕೊಂಡಿದ್ದಾರೋ ಅವರು. ಹಿರಿಯ ಗಂಡಸೇ ಆಗಬೇಕಿಲ್ಲ, ದುಡಿಯುವವರೇ ಆಗಬೇಕಿಲ್ಲ ಅಂತ ಗಣತಿದಾರರಿಗೆ ಕೊಡುವ ಸೂಚನೆಯಲ್ಲೇ ಇದೆ. ಸರ್ಕಾರ ಸಂಬಳವನ್ನೂ ಯಜಮಾನಿಕೆಯನ್ನೂ ಬೇರೆ ಬೇರೆ ಇಟ್ಟಿದೆ. ಎರಡನ್ನೂ ಸೇರಿಸಿ ಗಂಟು ಹಾಕಿಕೊಂಡವರು ನಾವು.

ಈ ಗಂಟು ಬಹಳ ಹಳೆಯದೂ ಅಲ್ಲ. ಬೇಸಾಯದ ಕೂಡುಕುಟುಂಬದಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು ಹೆಂಗಸರೇ. ಹಾಲು ಕರೆದು ಮಾರುವವರೂ ಅವರೇ. ಅಲ್ಲಿ 'ದುಡಿಯುವ ಗಂಡಸು, ಕೂತು ತಿನ್ನುವ ಹೆಂಗಸು' ಅನ್ನೋ ಮಾತಿಗೆ ಅರ್ಥವೇ ಇರಲಿಲ್ಲ. ಯಜಮಾನ ಅಂದರೆ ಪೆಟ್ಟಿಗೆ ಬೀಗದಕೈ ಇಟ್ಟುಕೊಂಡವನು, ಪಂಚಾಯ್ತಿಯಲ್ಲಿ ಮಾತಾಡುವವನು, ಸಾಲ ಕೊಟ್ಟವರು ಬಂದರೆ ಎದುರಿಗೆ ನಿಲ್ಲುವವನು. ತಿಂಗಳ ಸಂಬಳದ ನೌಕರಿ ಬಂತು ನೋಡಿ, ಆಗ ಒಂದನೇ ತಾರೀಖಿನ ದುಡ್ಡು ಒಬ್ಬನದೇ ಹೆಸರಿಗೆ ಬರತೊಡಗಿತು. ಬೀಗದಕೈಯ ಜಾಗದಲ್ಲಿ ಸಂಬಳದ ಚೀಟಿ ಬಂದು ಕೂತಿತು. ಈಗ ಆ ಚೀಟಿ ನಿಮ್ಮ ಹೆಂಡತಿಯದು ದೊಡ್ಡದು, ಅದಕ್ಕೇ ಊರವರಿಗೆ ಗಲಿಬಿಲಿ.

ತುಳುನಾಡಿನ ಕಡೆ ನೋಡಿದರೆ ಇನ್ನೂ ಮಜಾ. ಬಂಟರು, ಬಿಲ್ಲವರು, ಮೊಗವೀರರಲ್ಲಿ ನಡೆದುಬಂದ ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ವ್ಯವಹಾರ ನೋಡುತ್ತಿದ್ದವನು ಸೋದರಮಾವ, ಮನೆಯ ಹಿರಿಯ ಹೆಂಗಸೂ ಯಜಮಾನಿಕೆ ನಡೆಸಬಹುದಿತ್ತು. ಅಂದರೆ ಗಂಡನಾದವನು ತನ್ನ ಸ್ವಂತ ಮಕ್ಕಳ ಮನೆಗೆ ಯಜಮಾನನಲ್ಲ! 1949ರಲ್ಲಿ ಇದಕ್ಕೆ ಮದ್ರಾಸ್ ಸರ್ಕಾರ ಕಾಯ್ದೆಯನ್ನೇ ಮಾಡಿತ್ತು. ಹಾಗಂತ ಕಂಬಳದ ಗದ್ದೆಯಲ್ಲಿ ಕೋಣ ಓಡಿಸುತ್ತಿದ್ದವರ ಗಂಡಸುತನಕ್ಕೆ ಏನಾದರೂ ಕೊರತೆ ಆಯ್ತಾ?

ನಿಮಗೆ ಚುಚ್ಚುವುದು ಸುಳ್ಳು ಅಂತ ಮಾತ್ರ ನಾನು ಹೇಳಲ್ಲ. ಗಂಡಸು ದುಡಿಯಲೇಬೇಕು ಅನ್ನೋದು ಬರೀ ಊರ ಕಟ್ಟೆಯ ಮಾತಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಲು ಅವಕಾಶವಿದೆ. ಆದರೆ ಕೋವಿಡ್ ಕಾಲದಲ್ಲಿ ಕೆಲಸ ಹೋಯಿತು ಅಂತ ಒಬ್ಬರು ಹಾಗೆ ಕೇಳಿದಾಗ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಕೈಕಾಲು ಗಟ್ಟಿ ಇರುವ ಗಂಡನಿಗೆ ಹೀಗೆ ಕೊಡಿಸಿದರೆ ಸೋಮಾರಿತನಕ್ಕೆ ಕುಮ್ಮಕ್ಕು ಕೊಟ್ಟಂತೆ ಅನ್ನೋ ಅರ್ಥದಲ್ಲಿ ಹೇಳಿತು.

ನನ್ನದೂ ಒಂದು ಕಥೆ ಇದೆ. ಕೆಲವು ವರ್ಷಗಳ ಹಿಂದೆ ಎಂಟು ತಿಂಗಳು ಕೆಲಸ ಇಲ್ಲದೆ ಮನೆಯಲ್ಲಿದ್ದೆ. ಅಡಿಗೆಗೆ ಬೇಗ ಹೊಂದಿಕೊಂಡೆ. ಮದುವೆಮನೆ ಭಟ್ಟರು, ಉಡುಪಿ ಹೋಟೆಲಿನವರು ಎಲ್ಲಾ ಗಂಡಸರೇ ತಾನೇ, ಅದಕ್ಕೊಂದು ಮರ್ಯಾದೆ ಇದೆ. ಬಟ್ಟೆ ಒಣಹಾಕುವುದು ಮಾತ್ರ ಆಗುತ್ತಿರಲಿಲ್ಲ. ಬಕೆಟ್ ಹಿಡಿದು ಟೆರೇಸಿಗೆ ಹೋದರೆ ಎದುರುಮನೆಯವರು 'ಮೇಡಂ ಊರಿಗೆ ಹೋಗಿದಾರಾ ಸಾರ್?' ಅಂತ ಕೇಳುತ್ತಿದ್ದರು. ನಾನು ಹೂಂ ಅಂದುಬಿಡುತ್ತಿದ್ದೆ. ಸಂಜೆ ಅವಳು ಆಫೀಸಿನಿಂದ ಬರುವುದು ಅವರಿಗೆ ಕಾಣುತ್ತಿತ್ತು ಅನ್ನಿ. ಹೆಂಡತಿಯ ಬಟ್ಟೆಗಳನ್ನು ಒಳಗಡೆ ತಂತಿಗೆ, ನನ್ನ ಪ್ಯಾಂಟು ಶರ್ಟುಗಳನ್ನು ರಸ್ತೆ ಕಡೆಗೆ ಹಾಕುತ್ತಿದ್ದೆ. ಅಮ್ಮ ಬಂದಿದ್ದಾಗ ಒಂದು ದಿನ ಹಿಂದೆಯೇ ಬಂದು ಬಕೆಟ್ ಕಿತ್ತುಕೊಂಡರು. 'ಬಿಡೋ, ಯಾರಾದ್ರೂ ನೋಡಿದ್ರೆ ಸೊಸೇನ ಬೈತಾರೆ' ಅಂದರು. ನನ್ನನ್ನಲ್ಲ, ಅವಳನ್ನು! ಗಂಡ ಬಟ್ಟೆ ಒಣಹಾಕಿದರೆ ಹೋಗುವುದು ಯಾರ ಮಾನ ಅಂತ ಅವತ್ತು ಗೊತ್ತಾಯ್ತು.

ಅದಕ್ಕೇ 'ಆರಾಮು' ಅನ್ನೋ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ಸಂಬಳ ತರುತ್ತಿರುವ ನಿಮ್ಮ ಹೆಂಡತಿಗೆ ಮನೆಕೆಲಸ ಅಷ್ಟೇ ಕಡಿಮೆ ಆಗಿದೆಯಾ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡುತ್ತಾರೆ. ಮನೆಕೆಲಸ ಮಾಡುವ ಗಂಡಸರು 88 ನಿಮಿಷ. ಇದು ಏನಾದರೂ ಕೆಲಸ ಮಾಡಿದ ಗಂಡಸರ ಸರಾಸರಿ, ಮಾಡದೇ ಇದ್ದವರನ್ನು ಸೇರಿಸಿಲ್ಲ. 2019ರಲ್ಲಿ ಅದು 97 ಇತ್ತು. ನಾವು ಮುಂದೆ ಬಂದಿದ್ದೇವೆ ಅಂದುಕೊಂಡಿದ್ದೆ, ಒಂಬತ್ತು ನಿಮಿಷ ಹಿಂದೆ ಹೋಗಿದ್ದೇವೆ.

ನಿಮಿಷದ ಲೆಕ್ಕಕ್ಕೆ ಸಿಗದೇ ಇರುವುದೂ ಇದೆ. ಇಡ್ಲಿಗೆ ಉದ್ದು ನೆನೆಹಾಕುವುದು ಎರಡು ನಿಮಿಷದ ಕೆಲಸ. ಮಧ್ಯಾಹ್ನವೇ ಅದು ನೆನಪಾಗಬೇಕಲ್ಲ, ಅದೇ ಕಷ್ಟ. ಸಿಲಿಂಡರ್ ಯಾವತ್ತು ಬುಕ್ ಮಾಡಿದ್ದು, ಮಗುವಿನ ಲಸಿಕೆ ಯಾವಾಗ, ಹೆಪ್ಪಿಗೆ ಮೊಸರು ಉಳಿದಿದೆಯಾ. ನನ್ನ ಪ್ರಕಾರ ಇವತ್ತಿನ ಮನೆಯ ಬೀಗದಕೈ ಇದೇ. ನಿಮ್ಮ ಮನೆಯಲ್ಲಿ ಇದು ಯಾರ ತಲೆಯಲ್ಲಿ ಓಡುತ್ತದೆ?

ಊರವರಿಗೆ ಏನು ಹೇಳುವುದು ಅಂತೀರಾ? 'ಹೌದು ದೊಡ್ಡಮ್ಮ, ಅವಳದೇ ಜಾಸ್ತಿ' ಅಂತ ಹೇಳಿ ಇನ್ನೊಂದು ಲೋಟ ಕಾಫಿ ಕೇಳಿ. ನೀವು ಮುಖ ಸಣ್ಣ ಮಾಡಿದರೆ ತಾನೇ ಅವರಿಗೆ ರುಚಿ?

ಇನ್ನು ನಿಮ್ಮನೆ ಯಜಮಾನ ಯಾರು ಅನ್ನೋದನ್ನು ನಾನು ಹೇಳೋಕಾಗಲ್ಲ. 2011ರಲ್ಲಿ ಗಣತಿಗೆ ಬಂದ ಮೇಷ್ಟ್ರು 'ಮನೆ ಮುಖ್ಯಸ್ಥರು ಯಾರು?' ಅಂದಾಗ ಬಾಗಿಲು ತೆಗೆದಿದ್ದ ನಾನು ಹಿಂದೆಮುಂದೆ ನೋಡದೆ ನನ್ನ ಹೆಸರು ಬರೆಸಿದ್ದೆ. ಆಮೇಲೆ ಅಮ್ಮನ ವಯಸ್ಸು ಕೇಳಿದರು, ಮಗಳು ಹುಟ್ಟಿದ ತಾರೀಖು ಕೇಳಿದರು, ನಮ್ಮ ಮದುವೆ ಆದಾಗ ನನ್ನ ವಯಸ್ಸು ಎಷ್ಟು ಅಂತ ಕೇಳಿದರು. ಪ್ರತಿ ಪ್ರಶ್ನೆಗೂ ಅಡಿಗೆಮನೆ ಕಡೆ ತಿರುಗಿ ಹೆಂಡತಿಯನ್ನು ಕೂಗುತ್ತಿದ್ದೆ.