ಸುಣ್ಣದ ಡಬ್ಬಿ, ಕೋಶದ ಗೇಟು

ಮೂಡಿಗೆರೆ ಕಡೆ ತೋಟದಲ್ಲಿ ಕಡಜ ಕಚ್ಚಿದರೆ ಮೊದಲು ಹುಡುಕುವುದು ಎಲೆಅಡಿಕೆ ಚೀಲದಲ್ಲಿರುವ ಸುಣ್ಣ. ಕಳೆದ ಸಲ ಕಾಫಿ ಕುಯ್ಯುವಾಗ ನನ್ನ ಮುಂಗೈಗೂ ಬಿತ್ತು. ಅಜ್ಜಿ ಡಬ್ಬಿ ತೆಗೆದು ಸುಣ್ಣ ಬಳಿಯುವಷ್ಟರಲ್ಲಿ ಕೈ ಕೆಂಪಗೆ ಊದಿತ್ತು. ತಮಾಷೆ ಏನೆಂದರೆ, ಊದಿಸುವುದರಲ್ಲೂ ಸುಣ್ಣದಲ್ಲಿರುವ ಕ್ಯಾಲ್ಸಿಯಂನದೇ ಕೈವಾಡ.

ಚರ್ಮದಡಿ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಕಾವಲಿಗಿರುತ್ತವೆ. ಅವು ಸುಮ್ನೆ ಇದ್ದಾಗ ಒಳಗೆ ಬಿಡಿಯಾಗಿ ತೇಲುವ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊರಗೆ ಅದರ ಸುಮಾರು 10,000 ಪಟ್ಟು ಜಾಸ್ತಿ. ಸಿಕ್ಕ ಸಂದಿಯಲ್ಲಿ ಒಳಗೆ ನುಗ್ಗುವುದೇ ಅದರ ಸ್ವಭಾವ. ಹಾಗಾಗಿ ಪಂಪುಗಳು ಹಗಲೂ ರಾತ್ರಿ ಓಡಬೇಕು. ಕೆಲವು ಹೊರಗೆ ತಳ್ಳುತ್ತವೆ, ಕೆಲವು ಕೋಶದೊಳಗಿನ ಉಗ್ರಾಣಕ್ಕೆ ತುಂಬುತ್ತವೆ. ಸುಮ್ಮನಿರುವುದಕ್ಕೇ ಇಷ್ಟು ಖರ್ಚು!

ಕ್ಯಾಲ್ಸಿಯಂ ಬರೀ ಮೂಳೆಯ ಸರಕಲ್ಲ ಎನ್ನುವ ಸುಳಿವು ಸಿಕ್ಕಿದ್ದು 1883ರಲ್ಲಿ. ಲಂಡನ್ನಿನ ನಲ್ಲಿ ನೀರಲ್ಲಿ ಮಾಡಿದ ದ್ರಾವಣದಲ್ಲಿ ಕಪ್ಪೆಯ ಹೃದಯ ಬಡಿಯುತ್ತಿತ್ತು, ಭಟ್ಟಿ ಇಳಿಸಿದ ನೀರಾದರೆ ನಿಂತುಹೋಗುತ್ತಿತ್ತು. ವ್ಯತ್ಯಾಸ ನಲ್ಲಿ ನೀರಿನ ಕ್ಯಾಲ್ಸಿಯಂನದು ಎಂದು ಸಿಡ್ನಿ ರಿಂಗರ್ ಕಂಡುಕೊಂಡರು.

ಕೋಶದ ಲೆಕ್ಕಾಚಾರ ಬಿಡಿಸಲು ಇನ್ನೂ ನೂರು ವರ್ಷ ಹಿಡಿಯಿತು. ಗೊರೂರಲ್ಲಿ ಡ್ಯಾಂ ತುಂಬಿದರೆ ಗೇಟು ಎತ್ತುತ್ತಾರೆ, ಅಲ್ವಾ? ಕೋಶದಲ್ಲಿ ಉಲ್ಟಾ. ಕೆಣಕಿದಾಗ ಮೊದಲು ಒಳಗಿನ ಉಗ್ರಾಣ ಬರಿದಾಗುತ್ತದೆ, ಬರಿದಾದ ಮೇಲೆ ಹೊರಗೋಡೆಯ ಗೇಟು ತೆರೆಯುತ್ತದೆ. 1986ರಲ್ಲಿ ವಿಜ್ಞಾನಿ ಜೇಮ್ಸ್ ಪಟ್ನಿ ಹೀಗೆಂದಾಗ ಅದಿನ್ನೂ ಊಹೆ. 1992ರಲ್ಲಿ ಹೋತ್ ಮತ್ತು ಪೆನ್ನರ್ ಆ ಗೇಟಿನಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಅಳೆದೇಬಿಟ್ಟರು. ಅಳೆದದ್ದು ಇಲಿಯ ಮಾಸ್ಟ್ ಕೋಶದಲ್ಲೇ.

ಆದರೆ ಒಳಗಿನ ಉಗ್ರಾಣ ಖಾಲಿ ಎಂದು ಹೊರಗಿನ ಗೇಟಿಗೆ ಹೇಳುವವರು ಯಾರು? 2005ರಲ್ಲಿ ಉತ್ತರ ಸಿಕ್ಕಿತು: ಉಗ್ರಾಣದ ಗೋಡೆಯಲ್ಲೇ ಕೂತ ಸ್ಟಿಮ್-1 ಎಂಬ ಪ್ರೋಟೀನು. ಮಟ್ಟ ಇಳಿದದ್ದೇ ತಡ, ಅದು ಹೊರಗೋಡೆಯತ್ತ ಸರಿದು ಗೇಟನ್ನು ತಟ್ಟುತ್ತದೆ.

ಗೇಟು ಯಾವುದೆಂದು ತೋರಿಸಿಕೊಟ್ಟಿದ್ದು ಮಕ್ಕಳು. ಒಂದೇ ಮನೆಯ ಎರಡು ಕೂಸುಗಳಿಗೆ ಸೋಂಕಿನ ಮೇಲೆ ಸೋಂಕು. ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಟಿ ಕೋಶಗಳ ಲೆಕ್ಕ ಸರಿಯಾಗಿಯೇ ಇತ್ತು. ಕೆಣಕಿದರೆ ಮಾತ್ರ ಅವುಗಳೊಳಗೆ ಕ್ಯಾಲ್ಸಿಯಂ ಬರುತ್ತಿರಲಿಲ್ಲ. ಒಂದು ಜೀನಿನಲ್ಲಿ ಒಂದೇ ಅಕ್ಷರ ತಪ್ಪಿತ್ತು. 2006ರಲ್ಲಿ ಅಂಜನಾ ರಾವ್ ಅವರ ತಂಡ ಗೇಟನ್ನು ಕಟ್ಟುವ ಆ ಜೀನಿಗೆ ಒರಾಯ್-1 ಎಂದು ಹೆಸರಿಟ್ಟಿತು. ಗ್ರೀಕ್ ಕಥೆಗಳಲ್ಲಿ ಸ್ವರ್ಗದ ಬಾಗಿಲು ಕಾಯುವವರ ಹೆಸರದು. ನಮ್ಮಲ್ಲಾಗಿದ್ದರೆ ಜಯ-ವಿಜಯ ಅಂತಿದ್ದರೇನೋ.

ನನ್ನ ಕೈಯಲ್ಲಿ ಆ ಗೇಟು ಸರಿಯಾಗಿಯೇ ತೆರೆದಿತ್ತು. ಕ್ಯಾಲ್ಸಿಯಂ ನುಗ್ಗಿತು, ಮಾಸ್ಟ್ ಕೋಶ ಊತ ತರಿಸುವ ಹಿಸ್ಟಮಿನ್ ಉಗುಳಿತು, ಕೈ ಊದಿತು. ಅಜ್ಜಿಯ ಸುಣ್ಣ ಅಲ್ಲಿವರೆಗೆ ಇಳಿಯುವುದಿಲ್ಲ. ಹಾಗಂತ ಅಜ್ಜಿಗೆ ಹೇಳಲು ಹೋಗಲಿಲ್ಲ.