ಬುರುಡೆ ಕೊರೆಯದ ಪಾರ್ಕಿನ್ಸನ್ ಚಿಕಿತ್ಸೆ: ಮೂವತ್ತು ವರ್ಷವಾದರೂ ಗೊಂದಲವೇಕೆ?

ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ಪಾರ್ಕಿನ್ಸನ್ ರೋಗಿಯ ಚಲನೆಯನ್ನು ಸುಧಾರಿಸಬಹುದೇ? ಒಬ್ಬ ನರವೈದ್ಯರು ‘ಪ್ರಯತ್ನಿಸಿ ನೋಡಬಹುದು’ ಎನ್ನುತ್ತಾರೆ, ಇನ್ನೊಬ್ಬರು ‘ಪುರಾವೆ ಸಾಲದು’ ಎನ್ನುತ್ತಾರೆ. ಇಬ್ಬರ ಮಾತಿಗೂ ಆಧಾರವಿದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದರು. 1960ರ ದಶಕದಲ್ಲಿ ಲೆವೊಡೋಪಾ ಎಂಬ ಔಷಧದ ಮಾತ್ರೆ ಬಂತು. 1987ರಿಂದ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮಿದುಳಿನ ಆಳಕ್ಕೆ ತಂತಿ ಇಳಿಸಿ ನಡುಕ ತಗ್ಗಿಸುವ ಶಸ್ತ್ರಚಿಕಿತ್ಸೆ ಬೆಳೆಯಿತು. ಮಾತ್ರೆಯ ಪರಿಣಾಮ ವರ್ಷ ಕಳೆದಂತೆ ಏರುಪೇರಾಗುತ್ತದೆ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ, ಎಲ್ಲರ ಕೈಗೂ ಎಟುಕುವುದಿಲ್ಲ. ಇವೆರಡರ ನಡುವೆ ಉಳಿದುಹೋದವರಿಗಾಗಿಯೇ ಮೂರನೆಯ ದಾರಿಯ ಹುಡುಕಾಟ ನಡೆದಿದೆ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೋನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಸುರುಳಿ ಹಿಡಿದು, ಕ್ಷಣಾರ್ಧದ ಕಾಂತೀಯ ಮಿಡಿತದಿಂದ ಕೈಯ ಸ್ನಾಯುಗಳು ಅದುರುವಂತೆ ಮಾಡಿ ತೋರಿಸಿದರು. ಇದೇ ಟಿಎಂಎಸ್, ಅಂದರೆ ಬುರುಡೆಯ ಹೊರಗಿನಿಂದ ಕೊಡುವ ಕಾಂತೀಯ ಪ್ರಚೋದನೆ. ಆದರೆ ಸಾಮಾನ್ಯ ಸುರುಳಿಯ ಮಿಡಿತ ಮಿದುಳಿನ ಹೊರಪದರದಾಚೆಗೆ ಹೆಚ್ಚು ಇಳಿಯದು. ಈ ಕಾಯಿಲೆಯಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುವುದು ಆಳದಲ್ಲಿ. ಚಲನೆಯನ್ನು ನಿಯಂತ್ರಿಸುವ ಹೊರಪದರಕ್ಕೂ ಆ ಆಳಕ್ಕೂ ನರಸಂಪರ್ಕವಿದೆ. ಮೇಲೆ ಕೊಟ್ಟ ಪ್ರಚೋದನೆ ಆ ಜಾಲದ ಮೂಲಕ ಕೆಳಗೂ ಮುಟ್ಟಬಹುದು ಎಂಬುದೇ ಇಡೀ ಚಿಕಿತ್ಸೆಯ ತರ್ಕ.

1994ರಲ್ಲಿ ನರವಿಜ್ಞಾನಿ ಆಲ್ವಾರೊ ಪಾಸ್ಕುವಲ್-ಲಿಯೋನ್ ತಂಡವು ಸೆಕೆಂಡಿಗೆ 5 ಮಿಡಿತ ಕೊಟ್ಟಾಗ ಕೆಲವೇ ರೋಗಿಗಳಲ್ಲಿ ಕೈಚಲನೆ ಚುರುಕಾದದ್ದನ್ನು ವರದಿ ಮಾಡಿತು. ಉತ್ಸಾಹ ಹಬ್ಬಿತು. 1999ರಲ್ಲಿ ಮತ್ತೊಂದು ತಂಡ ಅದನ್ನೇ ಮಾಡಿ ನೋಡಿದಾಗ ಆ ಫಲ ಕಾಣಲಿಲ್ಲ. 2003ರಲ್ಲಿ ಜಪಾನಿನ ಸಂಶೋಧಕರು 85 ರೋಗಿಗಳಲ್ಲಿ ತೀರಾ ನಿಧಾನಗತಿಯ ಮಿಡಿತಗಳನ್ನು ಪರೀಕ್ಷಿಸಿದರು. ನಿಜವಾದ ಚಿಕಿತ್ಸೆಯಂತೆಯೇ ಭಾಸವಾಗುವ ಹುಸಿ ಚಿಕಿತ್ಸೆಯನ್ನೂ ಒಂದು ಗುಂಪಿಗೆ ಕೊಟ್ಟರು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಗೊಂದಲದ ಬೇರು ಇರುವುದು ಇಲ್ಲಿಯೇ. ಪಾರ್ಕಿನ್ಸನ್‌ನಲ್ಲಿ ನಿರೀಕ್ಷೆಯೇ ಮಿದುಳಿನ ರಾಸಾಯನಿಕವನ್ನು ಬದಲಿಸುತ್ತದೆ. ಗುಣವಾಗುತ್ತದೆಂದು ನಂಬಿದ ರೋಗಿಯ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು 2001ರಲ್ಲಿ ಪೆಟ್ ಸ್ಕ್ಯಾನ್ ತೋರಿಸಿತು. 2006ರಲ್ಲಿ ಹುಸಿ ಟಿಎಂಎಸ್ ಕೂಡ ಅದನ್ನೇ ಮಾಡಬಲ್ಲದು ಎಂದು ಕಂಡುಬಂತು. ಹಾಗಾಗಿ ‘ನನಗೆ ಹಗುರವಾಯಿತು’ ಎನ್ನುವ ರೋಗಿ ಸುಳ್ಳು ಹೇಳುತ್ತಿಲ್ಲ. ಆ ಹಗುರ ಯಂತ್ರದಿಂದ ಬಂದದ್ದೇ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಹತ್ತಿಪ್ಪತ್ತು ಜನರ ಅಧ್ಯಯನ ಹೇಳಲಾರದು. ಹುಸಿ ಚಿಕಿತ್ಸೆ ರೂಪಿಸುವುದೂ ಸುಲಭವಲ್ಲ: ಸುರುಳಿ ಟಕಟಕ ಸದ್ದು ಮಾಡುತ್ತದೆ, ನೆತ್ತಿಯನ್ನು ತಟ್ಟಿದಂತಾಗುತ್ತದೆ. ಎರಡನ್ನೂ ಅನುಕರಿಸದಿದ್ದರೆ ರೋಗಿಗೆ ಗುಟ್ಟು ತಿಳಿದುಬಿಡುತ್ತದೆ.

ಜಪಾನಿನ ತಂಡಗಳು ಬಿಟ್ಟುಕೊಡಲಿಲ್ಲ ಎಂಬುದು ಈ ಚರಿತ್ರೆಯ ಬೆಳಕಿನ ಭಾಗ. ಚಲನೆಯನ್ನು ಯೋಜಿಸುವ ಪಕ್ಕದ ಭಾಗಕ್ಕೆ ಗುರಿ ಬದಲಿಸಿದಾಗ, 2008ರಲ್ಲಿ ಸೆಕೆಂಡಿಗೆ 5 ಮಿಡಿತ ಅಲ್ಪ ಲಾಭ ಕೊಟ್ಟಿತು. 2013ರಲ್ಲಿ 106 ರೋಗಿಗಳ ಅಧ್ಯಯನದಲ್ಲಿ ಸೆಕೆಂಡಿಗೆ 1 ಮಿಡಿತದ ಫಲ 20ನೇ ವಾರದಲ್ಲೂ ಉಳಿದಿತ್ತು. 10 ಮಿಡಿತದ್ದು ಉಳಿಯಲಿಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಮುಂದಾಳಾಗಿದ್ದ, ಖಿನ್ನತೆಯೂ ಇದ್ದ 61 ರೋಗಿಗಳ ಅಧ್ಯಯನದಲ್ಲಿ ಚಲನೆ ಸುಧಾರಿಸಿತು, ಮನಸ್ಸಿಗೆ ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಲಾಭವಾಗಲಿಲ್ಲ.

2000ದ ಸುಮಾರಿಗೆ ಜರ್ಮನಿಯ ಗೊಟಿಂಗೆನ್‌ನಲ್ಲಿ ಮರುಜೀವ ಪಡೆದ ಟಿಡಿಸಿಎಸ್, ಅಂದರೆ ನೆತ್ತಿಯ ಮೂಲಕ ಒಂದೆರಡು ಮಿಲಿ ಆಂಪಿಯರ್ ವಿದ್ಯುತ್ ಹರಿಸುವ ವಿಧಾನ, ಅಗ್ಗ ಮತ್ತು ಸರಳ. ಅದರ ಪುರಾವೆ ಇನ್ನೂ ತೆಳು.

2020ರಲ್ಲಿ ಯುರೋಪಿನ ತಜ್ಞರ ಮಾರ್ಗಸೂಚಿಯು ಎರಡೂ ಬದಿಯ ಚಲನಾ ಹೊರಪದರಕ್ಕೆ ಕೊಡುವ ವೇಗದ ಟಿಎಂಎಸ್ಸನ್ನು ಚಲನೆಯ ತೊಂದರೆಗೆ ‘ಬಹುಶಃ ಪರಿಣಾಮಕಾರಿ’ ಎಂದಿತು. ಆ ‘ಬಹುಶಃ’ವನ್ನು ಜಾಹೀರಾತುಗಳು ನುಂಗಿಹಾಕಿದಾಗ ನೋವಾಗುತ್ತದೆ. ನೂರಾರು ರೋಗಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸುವ, ಎಲ್ಲ ಕೇಂದ್ರಗಳೂ ಒಂದೇ ಜಾಗ, ಒಂದೇ ವೇಗ ಬಳಸುವ ಪ್ರಯೋಗಕ್ಕೆ ಹಣ ಹೂಡುವುದು ಸಣ್ಣ ಅಧ್ಯಯನಗಳನ್ನು ಇನ್ನಷ್ಟು ಪೇರಿಸುವುದಕ್ಕಿಂತ ಮುಖ್ಯ.

ಅಲ್ಲಿಯವರೆಗೆ ಇದು ಮಾತ್ರೆಯ ಜೊತೆಗಿನ ಪ್ರಯತ್ನವೇ ಹೊರತು ಮಾತ್ರೆಗೆ ಬದಲಿಯಲ್ಲ. ಹಿಂದೆ ಫಿಟ್ಸ್ ಬಂದಿದ್ದರೆ, ತಲೆಯಲ್ಲಿ ಲೋಹದ ತುಣುಕು ಅಥವಾ ಮಿದುಳಿಗೆ ಅಳವಡಿಸಿದ ತಂತಿ ಇದ್ದರೆ ಸುರುಳಿಯ ಬಳಿ ಕೂರುವ ಮುನ್ನವೇ ಹೇಳಬೇಕು. ಎಷ್ಟು ಬಾರಿ ಬರಬೇಕು, ಫಲವನ್ನು ಯಾವ ಅಳತೆಯಿಂದ ನೋಡುತ್ತೀರಿ, ಫಲ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು.