ಸೋತರೂ ಮತ್ತೆ ನಾಮಪತ್ರ ಹಾಕುವವರು: ಪಂಚಾಯಿತಿಯಿಂದ ವಿಧಾನಸಭೆಗೆ ಇದ್ದ ಮೆಟ್ಟಿಲು ಎಲ್ಲಿ ಹೋಯಿತು?

2023ರ ಏಪ್ರಿಲ್. ವಿಧಾನಸಭೆ ಚುನಾವಣೆಗೆ ನಾಮಪತ್ರ ಹಾಕುವ ವಾರ. ನಮ್ಮ ತಾಲ್ಲೂಕು ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಪರಿಚಯದ ಹಿರಿಯರೊಬ್ಬರು ಪ್ಲಾಸ್ಟಿಕ್ ಫೈಲು ಹಿಡಿದು ಕೂತಿದ್ದರು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕು. ಒಂಬತ್ತು ಜನರದ್ದು ಮತದಾರರ ಪಟ್ಟಿಯ ಭಾಗದ ಸಂಖ್ಯೆ, ಕ್ರಮಸಂಖ್ಯೆ ಎರಡೂ ಸರಿ ಇದ್ದವು. ಹತ್ತನೆಯವರ ಕ್ರಮಸಂಖ್ಯೆ ಹೊಸ ಮತದಾರರ ಪಟ್ಟಿಯಲ್ಲಿ ಬದಲಾಗಿತ್ತು. ಮಧ್ಯಾಹ್ನ ಮೂರಕ್ಕೆ ಬಾಗಿಲು ಮುಚ್ಚುತ್ತದೆ, ಆಗಲೇ ಒಂದೂವರೆ. ಮಗ ಬೈಕಿನಲ್ಲಿ ಊರಿಗೆ ಓಡಿದ. ಎರಡೂ ಮುಕ್ಕಾಲಿಗೆ ಬೇರೊಬ್ಬ ಸೂಚಕರನ್ನು ಹಿಂದೆ ಕೂರಿಸಿಕೊಂಡು ಬಂದ. ಅರ್ಜಿ ಒಳಗೆ ಹೋಯಿತು.

ಹಿಂದೆ ಎರಡು ಸಲ ಗ್ರಾಮ ಪಂಚಾಯಿತಿಗೆ ನಿಂತಿದ್ದ ಅವರು ಒಮ್ಮೆ ಗೆದ್ದಿದ್ದರು. 2016ರಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಂತು ಸೋತರು. ‘ಈಗ ಯಾಕಣ್ಣ ಎಂಎಲ್ಎಗೆ?’ ಎಂದು ಕೇಳಿದೆ. ‘ನಂಗೆ ಬೇಕಾಗಿರೋದು ಟಿಪಿನೇ ಕಣಪ್ಪ. ಆ ಎಲೆಕ್ಷನ್ನೇ ಬರ್ತಿಲ್ವಲ್ಲ’ ಎಂದರು.

ಪದೇ ಪದೇ ಚುನಾವಣೆಗೆ ನಿಲ್ಲುವವರ ಬಗ್ಗೆ ಬರುವ ಸುದ್ದಿಗಳಲ್ಲಿ ಹೆಚ್ಚಿನವು ವಿಚಿತ್ರ ವ್ಯಕ್ತಿಗಳ ಕಥೆಗಳು. ಬರೇಲಿಯ ಕಾಕಾ ಜೋಗಿಂದರ್ ಸಿಂಗ್ ಮುನ್ನೂರಕ್ಕೂ ಹೆಚ್ಚು ಚುನಾವಣೆಗೆ ನಿಂತು ‘ಧರ್ತೀಪಕಡ್’ (ನೆಲ ಹಿಡಿದು ಬಿಡದವ) ಎನಿಸಿಕೊಂಡರು. ನಮ್ಮವರೇ ಆದ ಹೊಟ್ಟೆಪಕ್ಷ ರಂಗಸ್ವಾಮಿ 86 ಸಲ ನಿಂತರು. ತಮಿಳುನಾಡಿನ ಮೆಟ್ಟೂರಿನಲ್ಲಿ ಟೈರ್ ರಿಪೇರಿ ಅಂಗಡಿ ಇಟ್ಟಿರುವ ಕೆ. ಪದ್ಮರಾಜನ್ 1988ರಿಂದ ನಿಲ್ಲುತ್ತಲೇ ಇದ್ದಾರೆ, ಎಣಿಕೆ ಇನ್ನೂರು ದಾಟಿದೆ. ಅವರಿಗೆ ಅತಿ ಹೆಚ್ಚು ಮತ ಬಿದ್ದದ್ದು 2011ರಲ್ಲಿ, ಸ್ವಂತ ಊರಿನ ವಿಧಾನಸಭಾ ಕ್ಷೇತ್ರದಲ್ಲಿ: 6,273. ಈ ಮೂವರ ಜೊತೆಗೇ, ಕ್ಷೇತ್ರ ಬಿಡದೆ, ಗೆಲ್ಲಬೇಕೆಂದೇ ಮತ್ತೆ ಮತ್ತೆ ನಿಲ್ಲುವ ಇನ್ನೊಂದು ಬಗೆಯ ಜನರನ್ನೂ ಸೇರಿಸಿಬಿಡುವುದು ನಮ್ಮ ರೂಢಿ. ಇವರ ಕಥೆ ಬೇರೆಯೇ.

ಮೈಸೂರು ರಾಜ್ಯದ 1967ರ ವಿಧಾನಸಭೆಯಲ್ಲಿ 216 ಸ್ಥಾನಗಳಿದ್ದವು. ಅದರಲ್ಲಿ 41 ಪಕ್ಷೇತರರ ಪಾಲಾದವು. 1983ರಲ್ಲಿ 224ರಲ್ಲಿ 22. 2023ರಲ್ಲಿ ಎರಡು, ಗೌರಿಬಿದನೂರು ಮತ್ತು ಹರಪನಹಳ್ಳಿ.

ಆ ಕಾಲದಲ್ಲಿ ಒಬ್ಬ ವ್ಯಕ್ತಿ ನಗರಸಭೆಯಲ್ಲೋ ತಾಲ್ಲೂಕು ಬೋರ್ಡಿನಲ್ಲೋ ಹೆಸರು ಮಾಡಿ, ಅದೇ ಬಲದ ಮೇಲೆ ವಿಧಾನಸೌಧಕ್ಕೆ ಬರುವುದು ಅಪರೂಪವಾಗಿರಲಿಲ್ಲ. ವಾಟಾಳ್ ನಾಗರಾಜ್ ಬೆಂಗಳೂರು ಕಾರ್ಪೊರೇಷನ್ ಸದಸ್ಯರಾಗಿ ಶುರು ಮಾಡಿದವರು. 1967ರಲ್ಲಿ ಚಿಕ್ಕಪೇಟೆಯಿಂದ ಶಾಸಕರಾದರು. ಆಮೇಲೆ ಚಾಮರಾಜನಗರದಿಂದ 1989, 1994 ಮತ್ತು 2004ರಲ್ಲಿ ಗೆದ್ದರು. 1999ರಲ್ಲಿ ಸೋತರು, 2004ರ ನಂತರವೂ ಸೋತರು, ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಇಷ್ಟು ದೀರ್ಘ ಸೋಲು-ಗೆಲುವಿನ ಲೆಕ್ಕ ಇರುವ ಸಣ್ಣ ಪಕ್ಷದ ನಾಯಕರು ರಾಜ್ಯದಲ್ಲಿ ಕಡಿಮೆ.

ಮಂಡ್ಯದ ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅವರದ್ದು ನನಗೆ ಇನ್ನೂ ಹತ್ತಿರದ ಉದಾಹರಣೆ. ರೈತ ಸಂಘ 1989ರಲ್ಲಿ ಗೆದ್ದದ್ದು ಎರಡು ಸ್ಥಾನ. ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದವರು ಬಾಬಾಗೌಡ ಪಾಟೀಲರೊಬ್ಬರೇ. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ಬಂದರು. ಪುಟ್ಟಣ್ಣಯ್ಯ ಗೆದ್ದದ್ದು 1994ರಲ್ಲಿ, ಪಾಂಡವಪುರದಿಂದ. ಮುಂದಿನ ಗೆಲುವಿಗೆ 2013ರವರೆಗೆ, ಅಂದರೆ 19 ವರ್ಷ ಕಾಯಬೇಕಾಯಿತು. ಕ್ಷೇತ್ರ ಪುನರ್ವಿಂಗಡಣೆಯಾಗಿ ಪಾಂಡವಪುರ ಹೋಗಿ ಮೇಲುಕೋಟೆ ಬಂದಿತ್ತು. 2008ರಲ್ಲಿ ಅಲ್ಲಿ ಸೋತು, ಐದು ವರ್ಷದ ನಂತರ ಅಲ್ಲೇ ಗೆದ್ದರು. 2018ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮಗ ದರ್ಶನ್ ನಿಂತು ಸೋತರು, 2023ರಲ್ಲಿ ಗೆದ್ದರು. ‘ಒಂದು ನೋಟು, ಒಂದು ವೋಟು’ ಎಂದು ಮನೆ ಮನೆಯಲ್ಲಿ ಕೇಳಿಕೊಂಡು ಬಂದ ಈ ಪ್ರಚಾರದಲ್ಲಿ ಪ್ರತಿ ಸೋಲೂ ಮುಂದಿನ ಸಲದ ಬಂಡವಾಳವಾಗಿತ್ತು. ಸೋತವರು ಊರು ಬಿಟ್ಟು ಹೋಗಲಿಲ್ಲ. ಕಬ್ಬಿನ ಬಾಕಿಗೆ, ನಾಲೆ ನೀರಿಗೆ ಧರಣಿ ಕೂತಾಗ ಅಲ್ಲೇ ಸಿಕ್ಕರು.

ಸಂಘಟನೆ ಬೆನ್ನಿಗಿದ್ದವರಿಗೆ ಅದು ಸಾಧ್ಯವಾಯಿತು. ಒಬ್ಬಂಟಿಯಾಗಿ ನಿಲ್ಲುವವರಿಗೆ ಹಾದಿ ಕಿರಿದಾಗುತ್ತ ಬಂತು.

ಮೊದಲು ಠೇವಣಿಯ ಲೆಕ್ಕ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ವಿಧಾನಸಭೆಗೆ ನಿಲ್ಲಲು 250 ರೂಪಾಯಿ, ಲೋಕಸಭೆಗೆ 500. ದಶಕಗಳ ಕಾಲ ಅದು ಬದಲಾಗಲಿಲ್ಲ, ರೂಪಾಯಿಯ ಬೆಲೆ ಮಾತ್ರ ಇಳಿಯುತ್ತ ಹೋಯಿತು. 1985ರಲ್ಲಿ ಬೆಳಗಾವಿ ವಿಧಾನಸಭಾ ಕ್ಷೇತ್ರವೊಂದರಲ್ಲೇ 301 ಮಂದಿ ನಿಂತರು. 1996ರ ಲೋಕಸಭೆಗೆ ಬೆಳಗಾವಿಯಲ್ಲಿ 456. ಅದೇ ವರ್ಷ ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ಪ್ರತಿಭಟನೆಯಾಗಿ ಸಾಲುಸಾಲಾಗಿ ನಾಮಪತ್ರ ಹಾಕಿ, ಕಣದಲ್ಲಿ 1,033 ಜನ ಉಳಿದರು. ಮತಪತ್ರ ಪುಸ್ತಕದಂತಾಯಿತು. ಹಾಗೆ ನಿಂತವರಿಗೆ ಗೆಲ್ಲುವ ಆಸೆ ಇರಲಿಲ್ಲ. ತಮ್ಮ ಮಾತು ಯಾರೂ ಕೇಳುತ್ತಿಲ್ಲ ಎಂಬುದನ್ನು ಚುನಾವಣೆಯ ಒಳಗಿನಿಂದಲೇ ಹೇಳುವ ದಾರಿ ಅದಾಗಿತ್ತು.

1996ರಲ್ಲೇ ಕಾಯ್ದೆ ತಿದ್ದುಪಡಿಯಾಯಿತು. ಠೇವಣಿ ವಿಧಾನಸಭೆಗೆ 5,000, ಲೋಕಸಭೆಗೆ 10,000 ಆಯಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು. ಪ್ರಚಾರದ ಅವಧಿ 20 ದಿನದಿಂದ 14ಕ್ಕೆ ಇಳಿಯಿತು. ಮತಪತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೊದಲು, ಪಕ್ಷೇತರರು ಕೊನೆಗೆ ಎಂದಾಯಿತು. ಫಲ ತಕ್ಷಣವೇ ಕಂಡಿತು: 1996ರ ಲೋಕಸಭೆ ಚುನಾವಣೆಗೆ ದೇಶದಲ್ಲಿ 13,952 ಮಂದಿ ನಿಂತಿದ್ದರೆ, 1998ರಲ್ಲಿ 4,750. ವಿಧಾನಸಭೆಯ ಠೇವಣಿ 2010ರಿಂದ 10,000 ಆಗಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ.

ದೊಡ್ಡ ಪಕ್ಷದವರಿಗೆ 10,000 ರೂಪಾಯಿ ಒಂದು ಸಭೆಯ ಶಾಮಿಯಾನಕ್ಕೂ ಸಾಲದು. ಎರಡು ಎಕರೆ ಖುಷ್ಕಿ ಜಮೀನಿನವರಿಗೆ ಅದು ಬಿತ್ತನೆಯ ದುಡ್ಡು. ವಾಪಸ್ ಬರಬೇಕಾದರೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬೀಳಬೇಕು. ಒಂದೂವರೆ ಲಕ್ಷ ಮತ ಚಲಾವಣೆಯಾದ ಕ್ಷೇತ್ರದಲ್ಲಿ 25,000ಕ್ಕೂ ಮೇಲೆ. ‘ಠೇವಣಿ ಜಪ್ತಿ’ ಎನ್ನುವುದು ನಮ್ಮಲ್ಲಿ ಬೈಗುಳದಂತಾಗಿದೆ. ಆದರೆ ಆರು ಜನರಲ್ಲಿ ಒಬ್ಬರ ಮತ ಪಡೆಯುವುದು ಎಷ್ಟು ಕಷ್ಟ ಎಂಬುದು ಮನೆ ಮನೆಗೆ ಕರಪತ್ರ ಹಂಚಿದವರಿಗೆ ಗೊತ್ತು.

ಕಾಗದಪತ್ರದ ಹೊರೆಯೂ ಬೆಳೆಯಿತು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕಾಯಿತು. ಇದು ಆಗಬೇಕಿದ್ದ ಒಳ್ಳೆಯ ಕೆಲಸ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ, ದಿನದಿನದ ಖರ್ಚಿನ ರಿಜಿಸ್ಟರ್, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ, ಇವೂ ಕಡ್ಡಾಯ. ಲೆಕ್ಕ ಕೊಡದಿದ್ದರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಪಕ್ಷದ ಅಭ್ಯರ್ಥಿಗೆ ಇದನ್ನೆಲ್ಲ ನೋಡಿಕೊಳ್ಳಲು ವಕೀಲರು, ಆಡಿಟರ್ ಇರುತ್ತಾರೆ. ಸೋತ ಪಕ್ಷೇತರ, ಮುಗಿಯಿತಲ್ಲ ಎಂದುಕೊಂಡು ಲೆಕ್ಕದ ಗೊಡವೆ ಬಿಟ್ಟರೆ ಮುಂದಿನ ಚುನಾವಣೆಯನ್ನೇ ಕಳೆದುಕೊಳ್ಳಬಹುದು.

ಇಷ್ಟೆಲ್ಲ ಇದ್ದರೂ ಒಂದು ಬಾಗಿಲು ತೆರೆದಿತ್ತು, ಊರಿನ ಚುನಾವಣೆಯದ್ದು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರ ಕಾಲದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಹಳ್ಳಿಗಳಲ್ಲಿ ಹೊಸದೊಂದು ಪೀಳಿಗೆಯೇ ರಾಜಕೀಯಕ್ಕೆ ಇಳಿಯಿತು. ಮಹಿಳೆಯರಿಗೆ ಶೇ 25 ಮೀಸಲಾತಿ ಸಿಕ್ಕಿತು. ಸಂವಿಧಾನದ 73ನೇ ತಿದ್ದುಪಡಿಯಾಗಿ 1993ರಲ್ಲಿ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಠೇವಣಿ ಕೆಲವೇ ನೂರು ರೂಪಾಯಿ. ಇಲ್ಲಿ ಕಾನೂನಿನ ಕಣ್ಣಿಗೆ ಎಲ್ಲರೂ ಪಕ್ಷೇತರರೇ.

ಇಲ್ಲಿಯ ಕಷ್ಟಗಳೇ ಬೇರೆ. ಮೀಸಲಾತಿ ಸರದಿಯಂತೆ ತಿರುಗುತ್ತದೆ. ಈ ಸಲ ಸಾಮಾನ್ಯಕ್ಕಿದ್ದ ಸ್ಥಾನ ಮುಂದಿನ ಸಲ ಹಿಂದುಳಿದ ವರ್ಗದ ಮಹಿಳೆಗೆ ಹೋಗುತ್ತದೆ. ಐದು ವರ್ಷ ಚರಂಡಿ, ಬೀದಿದೀಪಕ್ಕಾಗಿ ಓಡಾಡಿದವರು ಪಕ್ಕದ ವಾರ್ಡಿಗೆ ಹೋಗಬೇಕು, ಇಲ್ಲವೇ ಮನೆಯವರನ್ನು ನಿಲ್ಲಿಸಬೇಕು. ಮೀಸಲಾತಿ ಬೇಕೇ ಬೇಕು. ಅದಿಲ್ಲದಿದ್ದರೆ ಪಂಚಾಯಿತಿಯ ಮೆಟ್ಟಿಲನ್ನೇ ಹತ್ತದಿರುತ್ತಿದ್ದ ಸಾವಿರಾರು ಜನ ಸದಸ್ಯರಾಗಿದ್ದಾರೆ. ಕಷ್ಟ ಇರುವುದು ಪಟ್ಟಿ ಯಾವಾಗ ಬರುತ್ತದೆ, ಕೊನೇ ಗಳಿಗೆಯಲ್ಲಿ ಹೇಗೆ ಬದಲಾಗುತ್ತದೆ ಎಂಬುದರಲ್ಲಿ.

ಇನ್ನೊಂದು, ಅವಿರೋಧ ಆಯ್ಕೆಯ ಒತ್ತಡ. ನಾಮಪತ್ರ ವಾಪಸ್ ಪಡೆಯುವ ದಿನದ ಹಿಂದಿನ ರಾತ್ರಿ ದೇವಸ್ಥಾನದ ಜಗಲಿ ಮೇಲೆ ಕೂರಿಸುತ್ತಾರೆ. ‘ಊರಲ್ಲಿ ಗಲಾಟೆ ಬೇಡ, ದೇವಸ್ಥಾನಕ್ಕೆ ಇಷ್ಟು ಕೊಡ್ತಾರಂತೆ, ನೀನು ಹಿಂದೆ ಸರಿ’ ಎನ್ನುತ್ತಾರೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗವೇ ಎಚ್ಚರಿಕೆ ಕೊಡಬೇಕಾಯಿತು. ಅಂಥ ಜಗಲಿಯಲ್ಲಿ ‘ಇಲ್ಲ, ನಾನು ನಿಲ್ತೀನಿ’ ಎಂದು ಎದ್ದು ಬರುವವರು ಸಾಮಾನ್ಯವಾಗಿ ಹಿಂದೆ ಸೋತವರೇ. ಅವರೊಬ್ಬರು ಕಣದಲ್ಲಿ ಉಳಿದಿದ್ದಕ್ಕೆ ಇಡೀ ವಾರ್ಡಿಗೆ ಮತ ಹಾಕುವ ಅವಕಾಶ ಉಳಿದುಕೊಳ್ಳುತ್ತದೆ.

ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವಿನ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ಕೊನೆಯ ಚುನಾವಣೆ 2016ರ ಫೆಬ್ರುವರಿಯಲ್ಲಿ ನಡೆಯಿತು, ಅವಧಿ 2021ರಲ್ಲಿ ಮುಗಿಯಿತು. ಆಗ ಕೋವಿಡ್ ಇತ್ತು. ಅದೇ ವರ್ಷ ರಾಜ್ಯ ಚುನಾವಣಾ ಆಯೋಗ ಮೀಸಲಾತಿಯ ಕರಡು ಹೊರಡಿಸಿತು. ಅಷ್ಟರಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡುವ ತಿದ್ದುಪಡಿ ಬಂತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶದ ಆಧಾರ ಬೇಕೆಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಯಿತು. ನಡುವೆ ಹೈಕೋರ್ಟಿನಲ್ಲಿ ಅರ್ಜಿಗಳು. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು. ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಸರ್ಕಾರ ಯಾವ ಪಕ್ಷದ್ದಿದ್ದರೂ ಈ ವಿಧಿಗೆ ತುರ್ತು ಬರಲಿಲ್ಲ.

ಬೆಂಗಳೂರಿನದ್ದೂ ಇದೇ ಕಥೆ. ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಕೊನೆಯ ಚುನಾವಣೆ, 2020ರ ಸೆಪ್ಟೆಂಬರ್‌ಗೆ ಅವಧಿ ಮುಕ್ತಾಯ. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. 198 ವಾರ್ಡ್ 243 ಆಯಿತು, ಮತ್ತೆ 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಐದು ವರ್ಷ ಕಾರ್ಪೊರೇಟರ್ ಇಲ್ಲದೆ ನಗರ ನಡೆಯಿತು. ವಾರ್ಡಿನಲ್ಲಿ ಹೆಸರು ಮಾಡಲು ಓಡಾಡಿದ ಯುವಕರಿಗೆ ತಮ್ಮ ವಾರ್ಡಿನ ಗಡಿ ಯಾವುದೆಂದೇ ತಿಳಿಯದಾಯಿತು.

ನಡುವಿನ ಮೆಟ್ಟಿಲು ಇಲ್ಲದಿದ್ದಾಗ ಜನ ನೇರ ವಿಧಾನಸಭೆಗೆ ನಿಲ್ಲುತ್ತಾರೆ. ಅಲ್ಲಿ ಖರ್ಚಿನ ಮಿತಿಯೇ 40 ಲಕ್ಷ ರೂಪಾಯಿ. ನಾಲ್ಕಾರು ಊರುಗಳಲ್ಲಿ ಹೆಸರಿರುವವರು ಇನ್ನೂರು ಹಳ್ಳಿಗಳ ಕ್ಷೇತ್ರದಲ್ಲಿ ನಿಂತರೆ ನೋಟಾಗಿಂತ ಕಡಿಮೆ ಮತ ಬೀಳುವುದು ಆಶ್ಚರ್ಯವಲ್ಲ. ಆಗ ಪತ್ರಿಕೆಯ ಮೂಲೆಯಲ್ಲಿ ಬರುವ ಸಾಲು, ‘ಉಳಿದವರು ಠೇವಣಿ ಕಳೆದುಕೊಂಡರು’. ತಾಲ್ಲೂಕು ಪಂಚಾಯಿತಿಗೆ ನಿಂತಿದ್ದರೆ ಅದೇ ವ್ಯಕ್ತಿಯ ಮತಗಳಿಗೆ ತೂಕ ಇರುತ್ತಿತ್ತು.

ಮತ ಎಣಿಕೆಯಾದ ಮೂರನೇ ವಾರ ಆ ಹಿರಿಯರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಖರ್ಚಿನ ರಿಜಿಸ್ಟರ್ ಹರಡಿಕೊಂಡು ಕೂತಿದ್ದರು. ಆಟೋ ಬಾಡಿಗೆ, ಕರಪತ್ರ, ಮೈಕ್‌ಸೆಟ್, ಏಜೆಂಟರ ಊಟ. ಪ್ರತಿಯೊಂದಕ್ಕೂ ಬಿಲ್ಲನ್ನು ಪಿನ್ ಮಾಡಿದ್ದರು. ಮೂವತ್ತು ದಿನದ ಗಡುವಿಗೆ ಇನ್ನೂ ಒಂಬತ್ತು ದಿನ ಇತ್ತು. ರಿಜಿಸ್ಟರಿನ ಕೆಳಗೆ ಮಡಚಿಟ್ಟ ಜೆರಾಕ್ಸ್ ಒಂದಿತ್ತು. 2021ರ ತಾಲ್ಲೂಕು ಪಂಚಾಯಿತಿ ಮೀಸಲಾತಿಯ ಕರಡು ಪಟ್ಟಿ. ಅವರ ಕ್ಷೇತ್ರದ ಹೆಸರಿನ ಮುಂದೆ ‘ಸಾಮಾನ್ಯ’ ಎಂದಿತ್ತು, ಅದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ‘ಇದು ಲೆಕ್ಕಕ್ಕಿಲ್ಲ ಅಂತಾರೆ. ಹೊಸದು ಬರ್ಬೇಕಂತೆ’ ಎಂದು ಮಡಚಿ ಫೈಲಿನೊಳಗೆ ಇಟ್ಟರು.